ಅವಳಿ ಎಂಜಿನುಗಳ ನೌಕೆಯೂ ಸಾಲೋಟಗಿಯ ಶಾಸನವೂ: ಪಾಲನೆಯ ಇತಿಹಾಸವನ್ನು ಕುರಿತು ಒಂದು ವಿಚಾರ

೧

ಇತಿಹಾಸಕಾರರು ಕಟ್ಟಿದವರನ್ನು ನೆನೆಯುವಷ್ಟು ಕಾಪಾಡಿದವರನ್ನು ನೆನೆಯುವುದಿಲ್ಲ. ದೇಗುಲವನ್ನು ಎತ್ತಿಸಿದ ಅರಸನ ಹೆಸರು, ಕೆರೆಯನ್ನು ಕಟ್ಟಿಸಿದ ದಂಡನಾಯಕನ ಹೆಸರು, ಹಡಗನ್ನು ನೀರಿಗಿಳಿಸಿದ ವರ್ತಕನ ಹೆಸರು ನಮ್ಮ ಪುಸ್ತಕಗಳಲ್ಲಿ ದೊರೆಯುತ್ತವೆ. ಆ ದೇಗುಲದ ಸೋರುವ ಮಾಳಿಗೆಗೆ ಗಾರೆ ಹಚ್ಚಿದವನು, ಆ ಕೆರೆಯ ಹೂಳನ್ನೆತ್ತಿದವನು, ಆ ಹಡಗಿನ ಹಲಗೆಗಳ ಸಂದಿಗೆ ನಾರು ತುಂಬಿ ಎಣ್ಣೆ ಹೊಡೆದವನು ಯಾರೆಂದು ಕೇಳುವವರು ವಿರಳ. ಯಂತ್ರಗಳ ಇತಿಹಾಸದಲ್ಲಂತೂ ಈ ಕೊರತೆ ಇನ್ನೂ ಹೆಚ್ಚಿನದು. ಯಂತ್ರವನ್ನು ಕಂಡುಹಿಡಿದ ವರ್ಷ, ಅದು ನಮ್ಮ ನಾಡಿಗೆ ಬಂದ ವರ್ಷ, ಇವೆರಡನ್ನು ಬರೆದರೆ ಅದರ ಚರಿತ್ರೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಯಂತ್ರದ ಆಯುಷ್ಯವೆಲ್ಲ ಕಳೆಯುವುದು ಆ ಎರಡು ವರ್ಷಗಳ ತರುವಾಯವೇ.

ಪ್ರಸ್ತುತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ವಿಷಯವು ಮೇಲುನೋಟಕ್ಕೆ ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಗೆ ಹೊರತಾದುದೆಂದು ತೋರಬಹುದು. ಒಡಲೊಳಗೆ ಎರಡು ಎಂಜಿನುಗಳನ್ನು ಹೊತ್ತ ನೌಕೆಯ ಮಹಾದುರಸ್ತಿಯೇ ಆ ವಿಷಯ. ಅದನ್ನು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯಿಂದ ಆರಂಭಿಸುವುದು ಮತ್ತಷ್ಟು ವಿಚಿತ್ರವೆನಿಸಬಹುದು. ಏಕೆಂದರೆ ಕರಿಮಣ್ಣಿನ ಆ ಬಯಲಿಗೆ ಸಮುದ್ರವು ಬಲುದೂರ. ಆದರೆ ಸಾಲೋಟಗಿಯ ಹತ್ತನೆಯ ಶತಮಾನದ ಶಾಸನವೂ ಇಂದಿನ ಅವಳಿ ಎಂಜಿನುಗಳ ನೌಕೆಯೂ ನಮ್ಮ ಮುಂದಿಡುವ ಪ್ರಶ್ನೆ ಒಂದೇ: ಆಧಾರಗಳ ಸಂಖ್ಯೆಯನ್ನು ಒಂದರಿಂದ ಎರಡಕ್ಕೆ ಏರಿಸಿದ ಮಾತ್ರಕ್ಕೆ ಭದ್ರತೆಯೂ ಇಮ್ಮಡಿಯಾಗುವುದೇ? ಈ ಪ್ರಶ್ನೆಗೆ ಉತ್ತರವನ್ನು ಅರಸುವುದೇ ಈ ಲೇಖನದ ಉದ್ದೇಶ.

೨

ಸಾಲೋಟಗಿಯ ಸ್ತಂಭಶಾಸನವು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ್ದು, ಕ್ರಿ. ಶ. ೯೪೫ಕ್ಕೆ ಸೇರಿದುದು. ಆಗ ಈ ಊರಿನ ಹೆಸರು ಪಾವಿಟ್ಟಗೆ. ಕೃಷ್ಣನ ಸಂಧಿವಿಗ್ರಹಿಯಾಗಿದ್ದ ನಾರಾಯಣನೆಂಬ ಮಂತ್ರಿಯು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಬೇರೆಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ನೆಲೆಸಿ ಓದುತ್ತಿದ್ದರು. ಶಾಲೆಯಿಂದಲೇ ಪ್ರಸಿದ್ಧವಾದ ಪಾವಿಟ್ಟಗೆಯು ಕಾಲಕ್ರಮದಲ್ಲಿ ಸಾಲೋಟಗಿಯೆನಿಸಿತೆಂದು ವಿದ್ವಾಂಸರು ಊರಿನ ಹೆಸರನ್ನು ವಿವರಿಸಿದ್ದಾರೆ. ಪ್ರಾಚೀನ ಕರ್ನಾಟಕದ ವಿದ್ಯಾಭ್ಯಾಸವನ್ನು ಕುರಿತು ಬರೆದವರೆಲ್ಲರೂ ಈ ಶಾಸನವನ್ನು ಬಳಸಿಕೊಂಡಿರುವರು. ಅವರ ಆಸಕ್ತಿ ಸಹಜವಾಗಿಯೇ ಶಾಲೆಯ ದೊಡ್ಡಸ್ತಿಕೆಯಲ್ಲಿ ನೆಟ್ಟಿದೆ. ನಾವು ಗಮನಿಸಬಯಸುವುದು ಅದರ ಲೆಕ್ಕಾಚಾರವನ್ನು.

ಶಾಸನವು ಶಾಲೆಯನ್ನು ಕಟ್ಟಿಸಿದುದನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ವಿದ್ಯಾರ್ಥಿಗಳ ವಾಸಕ್ಕೆಂದು ೨೭ ಮನೆಗಳನ್ನು ಹೆಸರಿಸುತ್ತದೆ. ಅಧ್ಯಾಪಕನ ಜೀವನಕ್ಕೆಂದು ೫೦ ನಿವರ್ತನ ಭೂಮಿಯನ್ನು ಗೊತ್ತುಮಾಡುತ್ತದೆ. ನಿವರ್ತನವೆಂಬುದು ಆ ಕಾಲದ ನೆಲದಳತೆ. ದೀಪಗಳ ಎಣ್ಣೆಗೆಂದೇ ಬೇರೆಯಾಗಿ ೧೨ ನಿವರ್ತನಗಳನ್ನು ಬಿಡಲಾಗಿದೆ. ಇಷ್ಟೂ ಸಾಲದೆಂಬಂತೆ ಊರಿನ ಮನೆಗಳಲ್ಲಿ ನಡೆಯುವ ಶುಭಕಾರ್ಯಗಳ ಮೇಲೆ ಶಾಲೆಗೆ ಸಲ್ಲಬೇಕಾದ ಕಾಣಿಕೆಯನ್ನು ವಿಧಿಸಲಾಗಿದೆ: ವಿವಾಹಕ್ಕೆ ಐದು, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂವರೆ ನಾಣ್ಯ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಒಂದನೆಯದು, ಬಾಬುಗಳ ಪ್ರತ್ಯೇಕತೆ. ದೀಪದೆಣ್ಣೆಯ ಖರ್ಚು ಅಧ್ಯಾಪಕನ ಪಾಲಿನಲ್ಲಿ ಬೆರೆತುಹೋಗಿಲ್ಲ. ಬೆರೆತಿದ್ದರೆ ಬರಗಾಲದ ವರ್ಷದಲ್ಲಿ ಮೊದಲು ಆರುತ್ತಿದ್ದುದು ದೀಪವೇ ಎಂಬುದನ್ನು ದತ್ತಿಯನ್ನು ಬರೆಸಿದವರು ಚೆನ್ನಾಗಿ ಬಲ್ಲವರಾಗಿದ್ದರು. ಎರಡನೆಯದು, ಆದಾಯಮೂಲಗಳ ವೈವಿಧ್ಯ. ಹೊಲದ ಹುಟ್ಟುವಳಿಯೊಂದು, ಮನೆಗಳ ಕಾಣಿಕೆಯೊಂದು, ಹೀಗೆ ಎರಡು ಕಡೆಗಳಿಂದ ಶಾಲೆಗೆ ಆಧಾರ ದೊರೆಯುತ್ತಿತ್ತು. ಒಂದು ನಿಂತರೆ ಇನ್ನೊಂದು ನಡೆಸಲೆಂಬುದೇ ಇದರ ತಾತ್ಪರ್ಯವೆಂದು ಊಹಿಸಬಹುದಾಗಿದೆ. ಯಂತ್ರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಸಾಲೋಟಗಿಯ ಶಾಲೆಯು ಅವಳಿ ಎಂಜಿನುಗಳನ್ನು ಹೊತ್ತ ಸಂಸ್ಥೆಯಾಗಿತ್ತು. ಈ ಹೋಲಿಕೆಯು ಎಲ್ಲಿಯವರೆಗೆ ನಿಲ್ಲುವುದೆಂಬುದನ್ನು ಮುಂದೆ ಪರಿಶೀಲಿಸುವೆವು.

೩

ಪಾಲನೆಗಾಗಿ ಪ್ರತ್ಯೇಕ ದತ್ತಿಯನ್ನಿಡುವ ಪದ್ಧತಿ ಸಾಲೋಟಗಿಯೊಂದರದೇ ಅಲ್ಲ. ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಕನ್ನಡ ಶಾಸನಗಳಲ್ಲಿ ಎಷ್ಟು ಸಲ ಬರುವುದೆಂದರೆ, ಓದುಗರು ಅದನ್ನು ವಾಡಿಕೆಯ ಪದಪುಂಜವೆಂದು ದಾಟಿಹೋಗುತ್ತಾರೆ. ಒಡೆದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವುದಕ್ಕಾಗಿ ಎಂಬುದು ಅದರ ಅರ್ಥ. ದೇಗುಲವು ಮುಂದೆ ಒಡೆಯುವುದು ನಿಶ್ಚಿತವೆಂದು ಅದನ್ನು ಕಟ್ಟಿಸಿದ ದಿನವೇ ಒಪ್ಪಿಕೊಂಡು, ಆ ಒಡೆತಕ್ಕೆ ಬೇಕಾದ ಹಣವನ್ನು ಅಂದೇ ತೆಗೆದಿರಿಸುವ ವಿವೇಕ ಆ ಮಾತಿನಲ್ಲಿದೆ. ಕೆರೆಗಳ ವಿಷಯದಲ್ಲಿ ಈ ವಿವೇಕವು ಮತ್ತಷ್ಟು ಸೂಕ್ಷ್ಮವಾಗಿ ಕಾಣುತ್ತದೆ. ಹೂಳನ್ನು ಸಾಗಿಸುವ ಬಂಡಿಗೆ, ಅದನ್ನೆಳೆಯುವ ಕೋಣಗಳಿಗೆ, ಅವನ್ನು ನಡೆಸುವ ಆಳಿಗೆ ದತ್ತಿ ಬಿಟ್ಟುದಲ್ಲದೆ, ಬಂಡಿಯ ಗಾಲಿಗೆ ಹಾಕುವ ಎಣ್ಣೆಗೂ ಏರ್ಪಾಡು ಮಾಡಿದ ಶಾಸನಗಳು ನಮ್ಮಲ್ಲಿವೆ. ಕೀಲೆಣ್ಣೆಯ ಖರ್ಚನ್ನು ಕಲ್ಲಿನ ಮೇಲೆ ಕೆತ್ತಿಸಿದ ಆ ಜನರನ್ನು ಯಂತ್ರಪಾಲನೆಯ ಮೊದಲ ಪಾಠವನ್ನು ಬಲ್ಲವರೆನ್ನದೆ ಗತ್ಯಂತರವಿಲ್ಲ.

ದೋಣಿಯ ವಿಷಯಕ್ಕೆ ಬರುವುದಾದರೆ, ಸಾಲೋಟಗಿಯ ಸುತ್ತಣ ಪ್ರದೇಶವು ನೀರಿಗೆ ತೀರ ಅಪರಿಚಿತವಾದುದಲ್ಲ. ಇಂಡಿ ಮತ್ತು ಸಿಂದಗಿಯ ಸೀಮೆ ಭೀಮೆಯತ್ತ ಮುಖಮಾಡಿದ್ದರೆ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಸೀಮೆ ಕೃಷ್ಣೆಯತ್ತ ಮುಖಮಾಡಿದೆ. ಸೇತುವೆಗಳು ಬರುವ ಮುನ್ನ ಮಳೆಗಾಲದಲ್ಲಿ ಈ ಹೊಳೆಗಳನ್ನು ದಾಟಿಸುತ್ತಿದ್ದುದು ಹರಿಗೋಲು. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸನು ಆನೆಗುಂದಿಯ ಬಳಿ ಇಂಥ ಬುಟ್ಟಿದೋಣಿಗಳನ್ನು ನೋಡಿ ವರ್ಣಿಸಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ; ಹದಿನೈದು ಇಪ್ಪತ್ತು ಮಂದಿಯನ್ನು ಹೊರುವ ಶಕ್ತಿ; ಅವಶ್ಯವಾದರೆ ಕುದುರೆ ಎತ್ತುಗಳೂ ಅವುಗಳಲ್ಲಿ ದಾಟಬಹುದಾಗಿತ್ತು. ೧೮೦೩ರ ಮರಾಠಾ ಯುದ್ಧದ ಕಾಲಕ್ಕೂ ಆರ್ಥರ್ ವೆಲ್ಲೆಸ್ಲಿಯ ಸೇನೆಯು ದಖ್ಖಣದ ಹೊಳೆಗಳನ್ನು ದಾಟಲು ಹರಿಗೋಲುಗಳನ್ನೇ ನೆಚ್ಚಬೇಕಾಯಿತು.

ಹರಿಗೋಲಿನ ರಚನೆಯಲ್ಲಿಯೇ ಅದರ ಪಾಲನೆಯ ಕ್ರಮವೂ ಅಡಗಿದೆ. ಬಿದಿರಿನ ಹಂದರವು ಒಂದು ಆಯುಷ್ಯವುಳ್ಳದ್ದು, ಚರ್ಮದ ಹೊದಿಕೆ ಇನ್ನೊಂದು ಆಯುಷ್ಯವುಳ್ಳದ್ದು. ಚರ್ಮವು ನೀರಿನಲ್ಲಿ ನೆನೆದು ಮೆತ್ತಗಾಗುವುದರಿಂದ ದೋಣಿಯನ್ನು ದಡಕ್ಕೆಳೆದು, ಕವುಚಿಹಾಕಿ ಒಣಗಿಸಬೇಕು. ಹರಿದಲ್ಲಿ ತೇಪೆ ಹಾಕಬೇಕು. ಕಾಲಕಾಲಕ್ಕೆ ಹೊದಿಕೆಯನ್ನೇ ಬದಲಿಸಬೇಕು. ಅಂಬಿಗನೇ ಅದನ್ನು ಕಟ್ಟುವವನು, ಅವನೇ ನಡೆಸುವವನು, ಅವನೇ ಕಾಪಾಡುವವನು. ಬಳಸುವ ಕೈ ಮತ್ತು ದುರಸ್ತಿಮಾಡುವ ಕೈ ಒಂದೇ ಆಗಿದ್ದ ಕಾಲವದು. ಎಂಜಿನು ಬಂದ ಮೇಲೆ ಈ ಎರಡು ಕೈಗಳು ಬೇರ್ಪಟ್ಟವು. ನೌಕಾಪಾಲನೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಮತ್ತೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ.

೪

ಈ ತಿರುವನ್ನು ಕಾಣಬೇಕಾದರೆ ಹೊಳೆಯ ದಡದಿಂದ ಕಡಲ ದಡಕ್ಕೆ ಹೋಗಬೇಕು. ಕಾರವಾರದಿಂದ ಮಂಗಳೂರಿನವರೆಗಿನ ಸುಮಾರು ೩೦೦ ಕಿಲೊಮೀಟರ್ ಕರಾವಳಿಯಲ್ಲಿ ಪತ್ತೆಮಾರಿ ಮಚುವೆಗಳು ಗಾಳಿಯ ಬಲದಿಂದ ಸಂಚರಿಸುತ್ತಿದ್ದ ಕಾಲದಲ್ಲಿ ಪಾಲನೆಯ ಪಂಚಾಂಗವನ್ನು ಬರೆದುದು ಮುಂಗಾರು. ಕಡಲು ಕೆರಳುವ ಜೂನ್ ತಿಂಗಳಿನ ಹೊತ್ತಿಗೆ ನೌಕೆಗಳು ದಡವೇರುತ್ತಿದ್ದವು. ಅಡಿಯ ಚಿಪ್ಪುಗಳನ್ನು ಹೆರೆದು, ಸಂದಿಗಳನ್ನು ತುಂಬಿ, ಮೀನೆಣ್ಣೆಯನ್ನು ಸವರಿ ಅವುಗಳನ್ನು ಮುಂದಿನ ಋತುವಿಗೆ ಅಣಿಗೊಳಿಸಲಾಗುತ್ತಿತ್ತು. ಹಿಡಿದ ಮೀನಿನ ಬೆಲೆಯನ್ನು ಹಂಚಿಕೊಳ್ಳುವಾಗ ಆಳುಗಳ ಪಾಲಿನ ಜೊತೆಗೆ ದೋಣಿಗೂ ಬಲೆಗೂ ಪಾಲನ್ನು ತೆಗೆದಿಡುವ ರೂಢಿಯೂ ಇದ್ದಿತು. ಸಾಲೋಟಗಿಯ ದೀಪದ ಹೊಲಕ್ಕೂ ಕರಾವಳಿಯ ದೋಣಿಯ ಪಾಲಿಗೂ ತತ್ತ್ವವೊಂದೇ.

ಎಣ್ಣೆ ಎಂಜಿನು ಒಳನಾಡಿಗೂ ಕಡಲತೀರಕ್ಕೂ ಬೇರೆಬೇರೆ ದಾರಿಗಳಿಂದ ಬಂದಿತು. ಒಳನಾಡಿನಲ್ಲಿ ಅದರ ಹೆಸರು ಕಿರ್ಲೋಸ್ಕರ ಮನೆತನದೊಡನೆ ಹೆಣೆದುಕೊಂಡಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೮೮೮ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದರು. ಅನಂತರ ಕಬ್ಬಿಣದ ನೇಗಿಲಿನ ತಯಾರಿಕೆಗೆ ಕೈಹಾಕಿ ೧೯೧೦ರಲ್ಲಿ ಕಿರ್ಲೋಸ್ಕರವಾಡಿಯನ್ನು ಸ್ಥಾಪಿಸಿದರು. ೧೯೪೬ರಲ್ಲಿ ಪುಣೆಯಲ್ಲಿ ಆರಂಭವಾದ ಕಿರ್ಲೋಸ್ಕರ ಆಯಿಲ್ ಎಂಜಿನ್ಸ್ ಕಾರ್ಖಾನೆಯ ಡೀಸೆಲ್ ಎಂಜಿನುಗಳು ಬಾವಿಗಳಿಂದಲೂ ಹೊಳೆಗಳಿಂದಲೂ ನೀರೆತ್ತುವ ಕೆಲಸಕ್ಕೆ ನಿಂತವು. ವಿದ್ಯುತ್ತು ಬರುವ ಮೊದಲೇ ಎಷ್ಟೋ ಹಳ್ಳಿಗಳಿಗೆ ಪಿಸ್ಟನ್, ವಾಲ್ವು, ನಾಝಲ್ ಎಂಬ ಮಾತುಗಳು ಮನೆಮಾತಾದುದು ಈ ಮೂಲಕವೇ.

ಕಡಲತೀರದಲ್ಲಿ ಯಾಂತ್ರೀಕರಣಕ್ಕೆ ಚಾಲನೆ ದೊರೆತುದು ಸ್ವಾತಂತ್ರ್ಯದ ತರುವಾಯ. ೧೯೫೨ರಲ್ಲಿ ವಿಶ್ವಸಂಸ್ಥೆ, ನಾರ್ವೆ ಮತ್ತು ಭಾರತಗಳ ನಡುವೆ ಆದ ಒಪ್ಪಂದದ ಪ್ರಕಾರ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆಯು ಆರಂಭವಾಯಿತು. ೧೯೬೦ರ ದಶಕದಲ್ಲಿ ಅದರ ಕಾರ್ಯಕ್ಷೇತ್ರವು ಕಾರವಾರಕ್ಕೂ ವಿಸ್ತರಿಸಿತು. ೧೯೭೨ರಲ್ಲಿ ಯೋಜನೆಯು ಸಂಪೂರ್ಣವಾಗಿ ಭಾರತ ಸರ್ಕಾರದ ವಶವಾಯಿತು. ಹಳೆಯ ದೋಣಿಗಳಿಗೇ ಎಂಜಿನನ್ನು ಕೂರಿಸಿದರೆ ಕೆಲಸವಾದೀತೆಂಬ ಮೊದಲಿನ ನಿರೀಕ್ಷೆ ನಿಲ್ಲಲಿಲ್ಲ. ಒಳ ಎಂಜಿನಿಗೆ ಬಿಗಿಯಾದ ತಳಹದಿ ಬೇಕು. ಅದರ ಕಂಪನವನ್ನು ತಾಳುವ ಒಡಲು ಬೇಕು. ಮರಳಿನ ಮೇಲೆ ಎಳೆಯುವ ದೋಣಿಯಲ್ಲಿ ಪ್ರೊಪೆಲರಿಗೆ ಎಡೆಯಿಲ್ಲ. ಆದುದರಿಂದ ದೋಣಿಯ ಆಕಾರವೇ ಬದಲಾಯಿತು, ಅದರೊಡನೆ ಕಾರ್ಯಾಗಾರವೂ ಮೆಕ್ಯಾನಿಕನೂ ಅವಶ್ಯವಾದರು.

ಮುಂಗಾರಿನ ಪಂಚಾಂಗ ಮಾತ್ರ ಅಳಿಯಲಿಲ್ಲ. ಇಂದು ಪಶ್ಚಿಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತತಿಯ ರಕ್ಷಣೆಯೇ ಅದರ ಉದ್ದೇಶವಾದರೂ, ಮಲ್ಪೆ ಮಂಗಳೂರುಗಳ ದಕ್ಕೆಗಳಲ್ಲಿ ಎಂಜಿನುಗಳನ್ನು ಬಿಚ್ಚಿ ಜೋಡಿಸುವುದು ಆ ದಿನಗಳಲ್ಲಿಯೇ. ಅಜ್ಜನು ಮೀನೆಣ್ಣೆ ಸವರುತ್ತಿದ್ದ ತಿಂಗಳಲ್ಲಿ ಮೊಮ್ಮಗನು ಸಿಲಿಂಡರಿನ ತಲೆಯನ್ನು ಕಳಚುತ್ತಾನೆ.

೫

ನಮ್ಮ ಕರಾವಳಿಯ ಮೀನುದೋಣಿಗಳಲ್ಲಿ ಹೆಚ್ಚಿನವು ಒಂದೇ ಎಂಜಿನಿನವು. ಅವಳಿ ಎಂಜಿನುಗಳನ್ನು ಕಾಣಬೇಕಾದರೆ ಬಂದರಿನ ಎಳೆನೌಕೆಗಳನ್ನೂ ತಟರಕ್ಷಣಾ ಪಡೆಯ ವೇಗದ ನೌಕೆಗಳನ್ನೂ ನೋಡಬೇಕು. ದೊಡ್ಡ ಹಡಗನ್ನು ದಕ್ಕೆಗೆ ತಳ್ಳಿ ತರುವ ಟಗ್ ಎಂಬ ಎಳೆನೌಕೆಯ ಒಡಲಿನಲ್ಲಿ ಎರಡು ಪ್ರಧಾನ ಎಂಜಿನುಗಳಿರುತ್ತವೆ. ಮಲ್ಪೆಯಲ್ಲಿ ಹಿಂದೆ ಟೆಬ್ಮಾ ಎನಿಸಿಕೊಂಡಿದ್ದು, ೨೦೨೦ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡಿನ ಕೈಸೇರಿ, ಈಗ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಾಗಿರುವ ಕಟ್ಟೆಯಲ್ಲಿ ಇಂಥ ಟಗ್ಗುಗಳನ್ನು ನಿರ್ಮಿಸಲಾಗುತ್ತಿದೆ.

ಒಂದರ ಬದಲು ಎರಡು ಎಂಜಿನುಗಳನ್ನಿಡುವ ವಿಚಾರ ಹಳೆಯದು. ಉಗಿಹಡಗಿನ ಕಾಲದಲ್ಲಿ ಯಂತ್ರದ ಮೇಲೆ ನಂಬಿಕೆ ಸಾಲದೆ ಹಾಯಿಗಳನ್ನೂ ಉಳಿಸಿಕೊಳ್ಳುತ್ತಿದ್ದರು. ಎರಡು ಯಂತ್ರ, ಎರಡು ಪ್ರೊಪೆಲರ್ ಬಂದ ಮೇಲೆ ಹಾಯಿಯನ್ನು ಬಿಡುವ ಧೈರ್ಯ ಬಂದಿತು. ಡೀಸೆಲ್ ಎಂಜಿನಿನ ವಿಷಯದಲ್ಲಿಯೂ ಹೀಗೆಯೇ. ರುಡಾಲ್ಫ್ ಡೀಸೆಲನ ಎಂಜಿನು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ೧೮೯೭ರಲ್ಲಿ ಯಶಸ್ವಿಯಾಗಿ ನಡೆಯಿತು; ೧೯೧೨ರಲ್ಲಿ ಕೋಪನ್‌ಹೇಗನ್ನಿನಿಂದ ಬ್ಯಾಂಕಾಕಿಗೆ ಹೊರಟ ‘ಸೆಲಾಂಡಿಯಾ’ ಹಡಗು ತಲಾ ಎಂಟು ಸಿಲಿಂಡರುಗಳ ಎರಡು ಡೀಸೆಲ್ ಎಂಜಿನುಗಳಿಂದ ಸಾಗಿ ಸಾಗರಯಾನದಲ್ಲಿ ಹೊಸ ಯುಗವನ್ನೇ ತೆರೆಯಿತು.

ಎರಡಿದ್ದರೆ ಸಾಕೇ ಎಂಬ ನಮ್ಮ ಪ್ರಶ್ನೆಗೆ ೧೮೯೦ರ ಒಂದು ಘಟನೆ ಉತ್ತರವನ್ನು ಸೂಚಿಸುತ್ತದೆ. ‘ಸಿಟಿ ಆಫ್ ಪ್ಯಾರಿಸ್’ ಎಂಬ ಅವಳಿ ಪ್ರೊಪೆಲರುಗಳ ಉಗಿಹಡಗು ಅಟ್ಲಾಂಟಿಕ್ ಸಾಗರದಲ್ಲಿ ಬರುತ್ತಿದ್ದಾಗ ಬಲಗಡೆಯ ಪ್ರೊಪೆಲರಿನ ದಂಡವು ಮುರಿಯಿತು. ಭಾರವನ್ನು ಕಳೆದುಕೊಂಡ ಆ ಬದಿಯ ಯಂತ್ರವು ಅಂಕೆಮೀರಿ ಓಡಿ ಚೂರುಚೂರಾಯಿತು. ಎರಡು ಯಂತ್ರಗಳನ್ನು ಬೇರ್ಪಡಿಸಲೆಂದೇ ನಡುವೆ ಗೋಡೆಯನ್ನು ಕಟ್ಟಿದ್ದರು. ಹಾರಿದ ಚೂರುಗಳು ಆ ಗೋಡೆಯನ್ನೇ ಸೀಳಿದವು; ನೀರು ನುಗ್ಗಿ ಎರಡು ಕೋಣೆಗಳೂ ತುಂಬಿದವು; ಯಾವ ದೋಷವೂ ಇಲ್ಲದಿದ್ದ ಎಡಗಡೆಯ ಯಂತ್ರವೂ ನಿಂತಿತು. ಹಡಗನ್ನು ಐರ್ಲೆಂಡಿನ ಬಂದರಿಗೆ ಎಳೆದು ತರಬೇಕಾಯಿತು. ಎರಡನೆಯದು ಎರಡನೆಯದಾಗಿ ಉಳಿಯಬೇಕಾದರೆ ಮೊದಲನೆಯದರ ಕೇಡು ಅದಕ್ಕೆ ತಟ್ಟದಂತಿರಬೇಕು ಎಂಬುದು ಈ ಘಟನೆಯ ಪಾಠ.

೬

ಈಗ ಮಹಾದುರಸ್ತಿಯ ಕ್ರಮವನ್ನು ಸಂಕ್ಷೇಪವಾಗಿ ನೋಡೋಣ. ಡೀಸೆಲ್ ಎಂಜಿನಿನಲ್ಲಿ ಕಿಡಿಹೊತ್ತಿಸುವ ಸಾಧನವಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳಬೇಕು. ಆದ್ದರಿಂದ ಒತ್ತಡವು ಸೋರದಂತಿರುವುದೇ ಅದರ ಪ್ರಾಣ. ಪಿಸ್ಟನ್ನಿನ ಬಳೆಗಳು, ಸಿಲಿಂಡರಿನ ಒಳಗೋಡೆ, ವಾಲ್ವುಗಳ ಪೀಠ, ಇವು ಸವೆದಂತೆ ಪ್ರಾಣವು ಕುಗ್ಗುತ್ತದೆ. ಎಂಜಿನು ಅದನ್ನು ಹೊಗೆಯ ಬಣ್ಣದಿಂದ ತಿಳಿಸುತ್ತದೆ: ಕಪ್ಪು ಹೊಗೆ ಎಣ್ಣೆ ಪೂರ್ತಿ ಉರಿಯದಿರುವುದನ್ನು, ನೀಲಿ ಹೊಗೆ ಕೀಲೆಣ್ಣೆ ಉರಿಯುತ್ತಿರುವುದನ್ನು, ಬಿಳಿ ಹೊಗೆ ಉರಿಯದ ಇಂಧನವನ್ನೋ ಒಳಸೇರಿದ ನೀರನ್ನೋ ಸೂಚಿಸುತ್ತದೆ.

ನಿಗದಿಯಾದಷ್ಟು ಗಂಟೆಗಳ ದುಡಿಮೆ ಮುಗಿದ ಮೇಲೆ ಎಂಜಿನನ್ನು ಬಿಚ್ಚಲಾಗುತ್ತದೆ. ಸಿಲಿಂಡರಿನ ತಲೆಯನ್ನು ಕಳಚಿ ಮಸಿಯನ್ನು ಹೆರೆಯುತ್ತಾರೆ, ವಾಲ್ವುಗಳನ್ನು ಅವುಗಳ ಪೀಠಕ್ಕೆ ತೇದು ಕೂರಿಸುತ್ತಾರೆ, ಪಿಸ್ಟನ್ನನ್ನು ಹೊರತೆಗೆದು ಬಳೆಗಳನ್ನು ಬದಲಿಸುತ್ತಾರೆ, ಒಳಗೋಡೆಯ ಸವೆತವನ್ನು ಮೇಲೆ, ನಡುವೆ, ಕೆಳಗೆ ಅಳೆಯುತ್ತಾರೆ, ಬೇರಿಂಗುಗಳನ್ನು ಪರೀಕ್ಷಿಸುತ್ತಾರೆ, ಎಣ್ಣೆಯನ್ನು ಸಿಂಪಡಿಸುವ ನಾಝಲುಗಳ ಒತ್ತಡವನ್ನು ತಿದ್ದುತ್ತಾರೆ. ನೌಕೆಯ ಎಂಜಿನಿಗೆ ಇದರ ಮೇಲೆ ಸಮುದ್ರದ ಕಾಟವೂ ಉಂಟು. ಎಂಜಿನನ್ನು ತಂಪಾಗಿಸುವ ಸಿಹಿನೀರನ್ನು ಉಪ್ಪುನೀರಿನಿಂದ ತಣಿಸುವ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಅವುಗಳನ್ನು ತುಕ್ಕಿನಿಂದ ಕಾಪಾಡಲು ತಾನೇ ಕರಗಿಹೋಗುವ ಸತುವಿನ ತುಂಡನ್ನು ಬದಲಿಸಬೇಕು. ಎಂಜಿನೂ ಪ್ರೊಪೆಲರಿನ ದಂಡವೂ ಒಂದೇ ನೇರದಲ್ಲಿವೆಯೇ ಎಂಬುದನ್ನು ನೌಕೆಯು ನೀರಿಗಿಳಿದ ಮೇಲೆಯೇ ಕೊನೆಯ ಸಲ ನೋಡಬೇಕು. ಏಕೆಂದರೆ ದಡದ ಮೇಲೆ ಮಲಗಿದ ಒಡಲಿನ ಆಕಾರವೂ ನೀರಿನಲ್ಲಿ ತೇಲುವ ಒಡಲಿನ ಆಕಾರವೂ ಕೂದಲೆಳೆಯಷ್ಟು ಬೇರೆ. ಆ ಕೂದಲೆಳೆಯೇ ಬೇರಿಂಗನ್ನು ತಿನ್ನಲು ಸಾಕು.

ಅವಳಿ ಎಂಜಿನುಗಳಲ್ಲಿ ಇನ್ನೂ ಕೆಲವು ವಿಶೇಷಗಳಿವೆ. ಸಾಮಾನ್ಯವಾಗಿ ಎರಡು ಪ್ರೊಪೆಲರುಗಳು ವಿರುದ್ಧ ದಿಕ್ಕುಗಳಲ್ಲಿ ತಿರುಗುತ್ತವೆ. ಒಂದರ ಓರೆಸೆಳೆತವನ್ನು ಇನ್ನೊಂದು ಸರಿದೂಗಿಸುತ್ತದೆ. ಆದುದರಿಂದ ಅವಳಿಗಳೆನಿಸಿದರೂ ಅವುಗಳ ಎಲ್ಲ ಅಂಗಗಳೂ ಅದಲುಬದಲಾಗುವಂಥವಲ್ಲ. ಒಂದು ಎಂಜಿನು ಇನ್ನೊಂದಕ್ಕೆ ಅಳತೆಗೋಲಾಗಿರುವುದು ಇನ್ನೊಂದು ಪ್ರಯೋಜನ. ಒಂದೇ ವೇಗದಲ್ಲಿ ಎಡದ್ದು ಬಲದ್ದಕ್ಕಿಂತ ಹೆಚ್ಚು ಕಾಯುತ್ತಿದ್ದರೆ ಅಲ್ಲಿ ದೋಷವಿದೆಯೆಂದು ತಿಳಿಯುತ್ತದೆ. ಆದರೆ ಎರಡೂ ಸಮನಾಗಿ ಸವೆದಿದ್ದರೆ? ಆಗ ವ್ಯತ್ಯಾಸವೇ ಕಾಣದು. ಎರಡೂ ನೆಟ್ಟಗಿವೆಯೆಂಬ ಭ್ರಮೆ ಹುಟ್ಟುತ್ತದೆ. ಆ ಭ್ರಮೆಯನ್ನು ಹರಿಯಬಲ್ಲುದು ಹಿಂದಿನ ವರ್ಷಗಳ ಅಳತೆಗಳನ್ನು ಬರೆದಿಟ್ಟ ದಿನಚರಿಯೊಂದೇ. ಲಿಖಿತ ಆಧಾರದ ಬೆಲೆಯೇನೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಎಣ್ಣೆಯ ತೊಟ್ಟಿಯ ಮಾತು. ಎರಡೂ ಎಂಜಿನುಗಳು ಒಂದೇ ತೊಟ್ಟಿಯಿಂದ ಕುಡಿಯುತ್ತಿದ್ದು, ಆ ತೊಟ್ಟಿಯಲ್ಲಿ ನೀರು ಸೇರಿದ್ದರೆ, ಎರಡೂ ಒಂದೇ ಗಳಿಗೆಯಲ್ಲಿ ನಿಲ್ಲುತ್ತವೆ. ಕಡಲು ಕೆರಳಿ ತೊಟ್ಟಿಯ ತಳದ ಕೊಳೆ ಕದಡಿದಾಗ ಅದು ಸಂಭವಿಸುವುದೇ ಹೆಚ್ಚು. ಅಂದರೆ ಎಂಜಿನು ಅತ್ಯಂತ ಅವಶ್ಯವಾದ ಹೊತ್ತಿನಲ್ಲಿಯೇ. ಆದ್ದರಿಂದ ಬೇರೆ ತೊಟ್ಟಿ, ಬೇರೆ ಸೋಸುಕ, ಬೇರೆ ಕೊಳವೆ, ಇವು ಅವಳಿ ನೌಕೆಯ ಮೂಲಧರ್ಮ.

೭

ಯಂತ್ರಗಳನ್ನು ಬೇರ್ಪಡಿಸಿದರೂ ದುರಸ್ತಿಮಾಡುವ ಕೈಯನ್ನು ಬೇರ್ಪಡಿಸದಿದ್ದರೆ ಏನಾಗುವುದೆಂಬುದಕ್ಕೆ ವಿಮಾನಯಾನದ ಚರಿತ್ರೆಯಲ್ಲಿ ಸ್ಪಷ್ಟವಾದ ಉದಾಹರಣೆಯಿದೆ. ೧೯೮೩ರ ಮೇ ೫ರಂದು ಅಮೆರಿಕದ ಈಸ್ಟರ್ನ್ ಏರ್‌ಲೈನ್ಸಿನ ಮೂರು ಎಂಜಿನುಗಳ ವಿಮಾನವೊಂದು ಮಯಾಮಿಯಿಂದ ನಸ್ಸಾವಿಗೆ ಹೊರಟಿತು. ಅದರಲ್ಲಿ ೧೭೨ ಮಂದಿ ಇದ್ದರು. ಹಿಂದಿನ ರಾತ್ರಿಯ ದುರಸ್ತಿಯಲ್ಲಿ ಮೂರೂ ಎಂಜಿನುಗಳ ಕೀಲೆಣ್ಣೆಯ ಮಾರ್ಗದಲ್ಲಿನ ಒಂದೊಂದು ಸಾಧನವನ್ನು ಬದಲಿಸಿದ್ದರು. ಸೋರಿಕೆಯನ್ನು ತಡೆಯುವ ರಬ್ಬರಿನ ಉಂಗುರಗಳನ್ನು ಮೂರರಲ್ಲಿಯೂ ಹಾಕಿರಲಿಲ್ಲ. ಒಂದರ ನಂತರ ಒಂದರಂತೆ ಮೂರೂ ಎಂಜಿನುಗಳ ಎಣ್ಣೆ ಸೋರಿಹೋಯಿತು. ಕಡೆಗೆ ಒಂದು ಎಂಜಿನನ್ನು ಮತ್ತೆ ಹೊತ್ತಿಸಿ ವಿಮಾನವನ್ನು ಮಯಾಮಿಗೆ ಮರಳಿಸಲು ಸಾಧ್ಯವಾದುದರಿಂದ ಎಲ್ಲರೂ ಬದುಕಿದರು. ಮೂರು ಎಂಜಿನುಗಳಿದ್ದವು, ತಪ್ಪು ಒಂದೇ ಇತ್ತು.

ಅವಳಿ ಎಂಜಿನುಗಳ ಮಹಾದುರಸ್ತಿಗೆ ಇದರಿಂದ ಒದಗುವ ಸೂತ್ರ ಸರಳವಾಗಿದೆ. ಎರಡನ್ನೂ ಒಂದೇ ಸಲ ಬಿಚ್ಚಿ ಒಂದೇ ಸಲ ನಂಬಬಾರದು. ಒಂದನ್ನು ಜೋಡಿಸಿ, ನಡೆಸಿ ನೋಡಿ, ಅದು ನಿಂತ ಮೇಲೆ ಇನ್ನೊಂದಕ್ಕೆ ಕೈಹಚ್ಚಬೇಕು. ಒಬ್ಬನು ಜೋಡಿಸಿದುದನ್ನು ಇನ್ನೊಬ್ಬನು ಪರೀಕ್ಷಿಸಬೇಕು. ಮೊದಲನೆಯದರ ತಪ್ಪು ಎರಡನೆಯದಕ್ಕೆ ದಾಟುವ ದಾರಿಗಳನ್ನೆಲ್ಲ ಹುಡುಕಿ ಮುಚ್ಚಬೇಕು. ಗೋಡೆ, ತೊಟ್ಟಿ, ಕೈ, ಇವು ಮೂರೂ ಅಂಥ ದಾರಿಗಳು.

ಈ ಸೂತ್ರವನ್ನು ಹಿಡಿದುಕೊಂಡು ಸಾಲೋಟಗಿಯ ಶಾಸನವನ್ನು ಮತ್ತೊಮ್ಮೆ ಓದಿದರೆ ಮೊದಲ ಓದಿನಲ್ಲಿ ಕಾಣದಿದ್ದುದು ಕಾಣುತ್ತದೆ. ಹೊಲದ ಹುಟ್ಟುವಳಿ ಮತ್ತು ಶುಭಕಾರ್ಯದ ಕಾಣಿಕೆ ಎರಡು ಬೇರೆ ಮೂಲಗಳೆಂದು ನಾವು ಹೇಳಿದೆವು. ಶಾಸನದ ಲೆಕ್ಕದಲ್ಲಿ ಅವು ಬೇರೆಯೇ ಹೌದು. ಆದರೆ ಅವೆರಡೂ ಕುಡಿಯುತ್ತಿದ್ದುದು ಒಂದೇ ಮಳೆಯ ತೊಟ್ಟಿಯಿಂದ. ಮಳೆ ತಪ್ಪಿದ ವರ್ಷ ದೀಪದ ಹೊಲವೂ ಒಣಗುತ್ತದೆ. ಅದೇ ವರ್ಷ ಊರಿನಲ್ಲಿ ಮದುವೆ ಮುಂಜಿಗಳೂ ನಿಲ್ಲುತ್ತವೆ. ಹದಿನಾಲ್ಕನೆಯ ಶತಮಾನದ ಕೊನೆಯ ದುರ್ಗಾದೇವಿ ಬರಗಾಲದಿಂದ ೧೮೭೬–೭೮ರ ಘೋರ ಕ್ಷಾಮದವರೆಗೆ ಈ ಸೀಮೆಯು ಕಂಡ ಬರಗಳು ಹೊಲವೊಂದನ್ನೇ ಒಣಗಿಸಿ ಮನೆಗಳನ್ನು ಬಿಟ್ಟವಲ್ಲ. ಶಾಲೆಯು ಕ್ಷಾಮದಿಂದಲೇ ನಿಂತಿತೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಅರಸುಮನೆತನಗಳು ಅಳಿದವು, ವಿದ್ಯೆಯ ಕೇಂದ್ರಗಳು ಬದಲಾದವು, ಕಾರಣಗಳು ಅನೇಕವಿರಬಹುದು. ನಮ್ಮ ಮಾತು ಇಷ್ಟೇ: ದತ್ತಿಯನ್ನು ಬರೆಸಿದ ಜನ ಬಾಬುಗಳನ್ನು ಬೇರ್ಪಡಿಸಬಲ್ಲವರಾಗಿದ್ದರು, ಮಳೆಯನ್ನು ಬೇರ್ಪಡಿಸುವುದು ಅವರ ಕೈಯಲ್ಲಿರಲಿಲ್ಲ. ಸಂಖ್ಯೆಯಿಂದ ಬರುವ ಭದ್ರತೆಗೂ ಸ್ವಾತಂತ್ರ್ಯದಿಂದ ಬರುವ ಭದ್ರತೆಗೂ ಇರುವ ಅಂತರವಿದು.

ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಎದ್ದುದರ ಹಿನ್ನೆಲೆಯಲ್ಲಿಯೂ ಇದೇ ಚಿಂತನೆಯನ್ನು ಗುರುತಿಸಬಹುದು. ೧೯೬೪ರಲ್ಲಿ ಅಡಿಗಲ್ಲು ಬಿದ್ದು ೨೦೦೫ರಲ್ಲಿ ಪೂರ್ಣಗೊಂಡ ಆ ಕಟ್ಟೆಯು ಘಟ್ಟದ ಮೇಲೆ ಬಿದ್ದ ಮಳೆಯನ್ನು ಬಯಲಿಗೆ ತರುತ್ತದೆ. ಊರ ಮಳೆ ತಪ್ಪಿದರೂ ಬೇರೆ ಮಳೆ ಕೈಹಿಡಿಯಲೆಂಬುದು ಅದರ ಆಶಯ. ಇದು ಬೇರೆ ತೊಟ್ಟಿ. ಆದರೆ ಕಾಲುವೆಯ ಹೂಳನ್ನೆತ್ತಲು, ಬಾಗಿಲುಗಳ ಕೀಲಿಗೆ ಎಣ್ಣೆ ಹಾಕಲು ಬೇಕಾದ ಹಣವು ಬೇರೆ ಬಾಬಿನಲ್ಲಿ ಬೆರೆತುಹೋಗದಂತೆ ಇರುವುದೇ ಎಂಬ ಹಳೆಯ ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ.

ಕಾಲೇಜಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಮ್ಮದೊಂದು ಸೂಚನೆ. ಮಲ್ಪೆ, ಹೊನ್ನಾವರ, ಕಾರವಾರಗಳ ಎಂಜಿನು ಕಾರ್ಯಾಗಾರಗಳಲ್ಲಿ, ಭೀಮಾತೀರದ ಪಂಪುಮೇಸ್ತ್ರಿಗಳ ಮನೆಗಳಲ್ಲಿ, ಎಣ್ಣೆಮೆತ್ತಿದ ದಿನಚರಿಗಳೂ ಬಿಡಿಭಾಗಗಳ ಪಟ್ಟಿಗಳೂ ಸವೆತದ ಅಳತೆಗಳನ್ನು ಗೀಚಿದ ಹಾಳೆಗಳೂ ಇರುತ್ತವೆ. ಎಂಜಿನು ಮಾರಾಟವಾದ ದಿನ ಅವು ಒಲೆ ಸೇರುತ್ತವೆ. ಯಾವ ಭಾಗವು ಎಷ್ಟು ಗಂಟೆಗಳಿಗೆ ಸವೆಯಿತು, ಅದನ್ನು ಯಾರು ಬದಲಿಸಿದರು, ಹಣ ಯಾರ ಪಾಲಿನಿಂದ ಬಂದಿತು ಎಂಬ ಮೂರು ಪ್ರಶ್ನೆಗಳನ್ನು ಅವುಗಳಿಗೆ ಹಾಕಿದರೆ, ಕಳೆದ ಎಪ್ಪತ್ತು ವರ್ಷಗಳ ನಮ್ಮ ನಾಡಿನ ಯಂತ್ರಜೀವನವು ಅಲ್ಲಿಂದಲೇ ಎದ್ದುಬರುವುದು. ದೀಪದೆಣ್ಣೆಗೆಂದು ಹನ್ನೆರಡು ನಿವರ್ತನಗಳನ್ನು ಬೇರೆಯಾಗಿ ಬರೆಸಿದವರ ಲೆಕ್ಕವು ಕಲ್ಲಿನ ಮೇಲಿದ್ದುದರಿಂದ ನಮ್ಮವರೆಗೆ ಬಂದಿತು. ಕೀಲೆಣ್ಣೆಯ ಈ ಲೆಕ್ಕಗಳು ಕಾಗದದ ಮೇಲಿವೆ. ಅವುಗಳನ್ನು ಸಂಗ್ರಹಿಸುವ ಕೆಲಸ ತಡಮಾಡತಕ್ಕದ್ದಲ್ಲ.